ಕರೆಯಬಾರದ ಒಂದಕ್ಷರ

ಬುಕಿತ್ ಮೆರ್ತಾಜಮ್, ಪಿನಾಂಗ್
ಭಾನುವಾರ, 1 ಅಕ್ಟೋಬರ್ 1995

ನನ್ನ ಮುದ್ದು ಅಕ್ಕನಿಗೆ,

ನಿನ್ನ ಕಾಗದವೂ ಫೋಟೊವೂ ಬಂದವು. ಕೂದಲು ಗುಂಗುರು ಮಾಡಿಸಿಕೊಂಡಿದ್ದೀಯಲ್ಲ, ಸಿಂಗಪುರಕ್ಕೆ ಹೋದವರೆಲ್ಲ ಹಾಗೇ ಆಗುತ್ತಾರಾ? ಅಜ್ಜಿ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಪಾಪ, ಇವಳಿಗೆ ಕರೆಂಟ್ ಹೊಡೀತೇನೇ?" ಅಂತ ಕೇಳಿದರು. ನಿನ್ನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ (ಈ ಹಳೇ ಜೋಕಿಗೆ ಈಗಲೂ ನಗುತ್ತೀಯಾ?), ಅದನ್ನು ಲಾರಿ ವರ್ಕ್‌ಶಾಪಿಗೆ ಒಯ್ದು ಎಲ್ಲರಿಗೂ ತೋರಿಸಿ, ಮೂಲೆಗೊಂದು ಗ್ರೀಸಿನ ಬೆರಳಚ್ಚು ಒತ್ತಿಸಿಕೊಂಡು ತಂದರು. ಈಗ ಅದು ಹಾಲಿನ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕದಲ್ಲಿದೆ.

ಫೋನಲ್ಲೇ ಹೇಳಬಹುದಿತ್ತಲ್ಲ, ಇಷ್ಟುದ್ದ ಕಾಗದ ಯಾಕೆ ಅನ್ನಬೇಡ. ಫೋನು ಇರುವುದು ಅಜ್ಜಿಯ ಬೆತ್ತದ ಕುರ್ಚಿಗೆ ತಾಗಿಕೊಂಡು. ಟಿವಿ ಜೋರಾಗಿದ್ದಾಗ ಕಿವಿ ಕೇಳಿಸದ ಅಜ್ಜಿಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಮೊದಲು ನನ್ನ ಸಮಾಚಾರ. ಪರೀಕ್ಷೆ ಹತ್ತಿರ ಬಂತು. ಮಲಯ್ ಪರವಾಗಿಲ್ಲ, ಗಣಿತ ಬಿಡು, ಭೂಗೋಳದಲ್ಲಿ ನಕ್ಷೆ ಬಿಡಿಸು ಅಂದರೆ ನಾನು ಬಿಡಿಸಿದ ದೇಶ ಬೇಯಿಸಿದ ಶೇಂಗಾಕಾಯಿಯ ಹಾಗೆ ಬರುತ್ತದೆ. ಮೌತ್ ಆರ್ಗನ್ ತಂಡದಲ್ಲಿ ಈ ವರ್ಷ ನನ್ನನ್ನು ಮೊದಲ ಸಾಲಿಗೆ ಹಾಕಿದ್ದರು. ಬೇರೆಯವರಿಗೆ ಪಿಯಾನೊ, ಪಿಟೀಲು ಅಂತ ಆಸೆ. ನನಗೆ ಮೌತ್ ಆರ್ಗನ್ನೇ ಇಷ್ಟ. ಉಸಿರು ಬಿಟ್ಟರೆ ಒಂದು ಸ್ವರ, ಅದೇ ತೂತಿನಲ್ಲಿ ಉಸಿರು ಎಳೆದುಕೊಂಡರೆ ಇನ್ನೊಂದು ಸ್ವರ. ನಾವು ಸುಮ್ಮನೆ ಎಳೆದುಕೊಳ್ಳುವ ಉಸಿರಿಗೂ ಬೆಲೆ ಕೊಡುವ ವಾದ್ಯ ಅದೊಂದೇ ಇರಬೇಕು. ಖೂ ಮೇಷ್ಟ್ರಿಗೆ ಈ ಮಾತು ಹೇಳಿದರೆ, "ತತ್ವಜ್ಞಾನ ಸಾಕು, ಎಂಜಲು ಒರೆಸಿಕೋ" ಅಂದರು. ಈಗ ನಾನು ಮತ್ತೆ ಎರಡನೇ ಸಾಲಿನಲ್ಲಿದ್ದೇನೆ. ಯಾಕೆ ಅನ್ನುವುದನ್ನು ಆಮೇಲೆ ಬರೆಯುತ್ತೇನೆ.

ಈ ವರ್ಷ ನಮ್ಮ ಚೀನೀ ಪಂಚಾಂಗದಲ್ಲಿ ಎಂಟನೇ ತಿಂಗಳು ಎರಡು ಸಲ ಬಂದಿದೆ, ಗೊತ್ತಲ್ಲ. ಒಂದು ನಿಜವಾದದ್ದು, ಒಂದು ಅಧಿಕ. ಹಾಗಾದರೆ ಹುಣ್ಣಿಮೆಯ ಕಡುಬೂ ಎರಡು ಸಲ ಸಿಗುತ್ತದಾ ಅಂತ ನಾನು ಕೇಳಿದ್ದಕ್ಕೆ ಅಜ್ಜಿ ಸೌಟು ಎತ್ತಿದರು. "ಅಧಿಕ ಎಂಟು ಬಂದ ವರ್ಷ ಮನೆಗೆ ಒಳ್ಳೇದಾಗಲ್ಲ, ಬಾಯಿಗೆ ಬಂದಂಗೆ ಮಾತಾಡ್ಬೇಡ" ಅಂದರು. ಆಗ ನಾನು ನಕ್ಕಿದ್ದೆ.

ಅಕ್ಕ, ನಾನು ಕಡುಬಿನ ಬಗ್ಗೆ ಬರೆಯಲು ಕೂತವಳಲ್ಲ. ಪೆನ್ನು ಬೇರೆ ಬೇರೆ ಕಡೆ ಓಡುತ್ತಿದೆ, ನಾನೂ ಓಡಲು ಬಿಟ್ಟಿದ್ದೇನೆ.

ಹೋದ ವಾರ ನೀನು ಫೋನ್ ಮಾಡಿದಾಗ, "ಅವಳ ದನಿ ಯಾಕೆ ಹಾಗಿದೆ?" ಅಂತ ಕೇಳಿದೆ. ನಾನು ನೆಗಡಿ ಅಂದೆ. ನೆಗಡಿ ಅಲ್ಲ. ನಮ್ಮಿಬ್ಬರನ್ನೂ ಹೆತ್ತವಳ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿದೆ. ಮುಂದಿನ ಭಾನುವಾರ ಸೇತುವೆ ದಾಟಿ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರೆ. ಸೋಮವಾರ ಬೆಳಿಗ್ಗೆ ಆಪರೇಷನ್. ನಿನಗೆ ಹೇಳಬಾರದು ಅಂತ ಮೂವರೂ ನನ್ನ ಬಾಯಿ ಕಟ್ಟಿದ್ದಾರೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ವಿಷಯ ತಿಳಿದರೆ ಓಡಿಬರುತ್ತಾಳೆ, ಮತ್ತೆ ಯಾರು ಕರೆಯುತ್ತಾರೆ ಅಂತ. ನೀನು ಓಡಿಬರಲಿ ಅಂತಲೇ ನಾನು ಬರೆಯುತ್ತಿದ್ದೇನೆ.

ಗಂಟನ್ನು ಮೊದಲು ಕಂಡವನು ಲಾಟರಿ ಚೀಟಿ ಮಾರುವ ಕುಂಟ ಲಿಮ್. ನಮ್ಮ ಅಂಗಡಿಯಲ್ಲಿ ಶಾವಿಗೆ ಸೂಪು ಕುಡಿಯುತ್ತಾ ತಲೆ ಎತ್ತಿ, "ಆಚಿಮ್, ಏನದು ಕುತ್ತಿಗೇಲಿ? ಬಾತುಕೋಳಿ ಮೊಟ್ಟೆ ಹಂಗೇ ನುಂಗಿದ್ಯಾ?" ಅಂದ. ಎಲ್ಲರೂ ನಕ್ಕರು. ಆಚಿಮ್ ಕೂಡ ನಕ್ಕು, ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಮುಟ್ಟಿದ ಕೈ ಅಲ್ಲೇ ನಿಂತಿತು. ನಾನು ಬಟ್ಟಲು ತೊಳೆಯುತ್ತಾ ಅವಳನ್ನೇ ನೋಡುತ್ತಿದ್ದೆ. ಅದು ಯಾಕೆ ಬಂತು ಅಂತ ನನಗೆ ಗೊತ್ತಿತ್ತು.

ಡಾಕ್ಟರು ಏನೂ ಹೇಳುವುದಿಲ್ಲ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಂತೆ. ದನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಕೆಲವರಿಗೆ ಆಮೇಲೆ ದನಿ ಮೊದಲಿನ ಹಾಗೆ ಬರುವುದಿಲ್ಲ ಅಂತಲೂ ಅಂದರು. ನಿನ್ನ ಅಪ್ಪ, ನನ್ನ ಆಚೆಕ್, ಇದನ್ನು ಮನೆಗೆ ಬಂದು ಹೇಳುವಾಗ ಒಂದೇ ಸ್ಪ್ಯಾನರನ್ನು ಒರೆಸುತ್ತಲೇ ಇದ್ದರು. ಆಚಿಮ್ ಮಾತ್ರ, "ದನಿ ಹೋದ್ರೆ ಗಂಟೆ ಕಟ್ಕೋತೀನಿ, ಐಸ್‌ಕ್ರೀಮಿನವನ ಥರ" ಅಂದಳು.

ಈಗ ನಾನು ಹೇಳಬೇಕಾದ್ದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಲೇ ಪೆಂಗ್ ವಿಷಯ.

ಲೇ ಪೆಂಗ್ ಈ ವರ್ಷ ನನ್ನ ಪಕ್ಕ ಕೂರುವ ಹುಡುಗಿ. ಜೂನ್ ರಜೆಯಲ್ಲಿ ಮನೆಗೆ ಬಂದಿದ್ದಳು. ನಾನು "ಆಚಿಮ್, ನೀರು ಕುದೀತಿದೆ" ಅಂದೆ, "ಆಚಿಮ್, ನನ್ನ ಜಾಮೆಟ್ರಿ ಬಾಕ್ಸ್ ಎಲ್ಲಿ" ಅಂದೆ. ಅವಳು ಹೊರಡುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ನಿನ್ನ ಸ್ವಂತ ತಾಯಿ ತೀರಿಕೊಂಡು ಎಷ್ಟು ವರ್ಷ ಆಯ್ತೇ?" ಅಂತ ಕೇಳಿದಳು. ಕಣ್ಣಲ್ಲಿ ನೀರು ಬೇರೆ. ನಾನು ಅವಳನ್ನು ಹೊಡೆಯುವುದೊಂದು ಬಾಕಿ.

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ನಮ್ಮ ಮಾತಿನಲ್ಲಿ ಆಚಿಮ್ ಅಂದರೆ ಚಿಕ್ಕಮ್ಮ ನಿಜ, ಆದರೆ ಇವಳೇ ಹೆತ್ತವಳು ಅಂತ. ಇವಳು ಹುಲಿ ವರ್ಷದಲ್ಲಿ ಹುಟ್ಟಿದವಳು, ನಾನು ಕೋತಿ ವರ್ಷದಲ್ಲಿ, ಎರಡಕ್ಕೂ ಆಗಿಬರುವುದಿಲ್ಲ ಅಂತ. ನಾನು ಹುಟ್ಟಿದ ಗಳಿಗೆಯನ್ನು ಅಜ್ಜಿ ಗುಡಿಯ ಹಿರಿಯರ ಹತ್ತಿರ ಒಯ್ದಾಗ, ಈ ಮಗು ತಾಯಿಯನ್ನು ನುಂಗುವ ಮಗು, ಬಾಯಿಬಿಟ್ಟು ತಾಯಿ ಅಂತ ಕರೆಯಕೂಡದು, ಕರೆಯದಿದ್ದರೆ ಯಾರು ಯಾರ ಮಗಳು ಅಂತ ಕೇಡಿಗೆ ತಿಳಿಯುವುದಿಲ್ಲ ಅಂದರಂತೆ. ಅದಕ್ಕೇ ನಾನು ಕ್ವಾನ್ ಇಮ್ ದೇವಿಗೆ ದತ್ತುಮಗಳು, ಅದಕ್ಕೇ ವರ್ಷಕ್ಕೊಮ್ಮೆ ಕುತ್ತಿಗೆಗೆ ಹೊಸ ಕೆಂಪು ದಾರ. ತಾಯಿ ಚಿಕ್ಕಮ್ಮನಾದ ಮೇಲೆ ಅಪ್ಪ ಚಿಕ್ಕಪ್ಪನಾಗಲೇಬೇಕಲ್ಲ, ಹಾಗಾಗಿ ಅವರು ಆಚೆಕ್. ಲೇ ಪೆಂಗ್ ಎಲ್ಲ ಕೇಳಿ ಕಣ್ಣು ಒರೆಸಿಕೊಂಡು, "ಒಂದ್ಸಲ ಕರೆದು ನೋಡೇ, ಏನಾಗತ್ತೆ ನೋಡೇಬಿಡಣ" ಅಂತ ನಕ್ಕಳು. ಈ ಪದ್ಧತಿಯನ್ನು ಅವಳು ಕೇಳಿಯೇ ಇರಲಿಲ್ಲವಂತೆ. ನನಗೆ ನಗು ಬರಲಿಲ್ಲ.

ನಿನಗೊಂದು ಮಾತು ಹೇಳಲಾ? ನೀನು ಬಚ್ಚಲಿನಿಂದ ಟವೆಲ್ ಕೇಳಲೂ ಅವಳನ್ನು ಆ ಹೆಸರಿನಿಂದ ಕೂಗುತ್ತಿದ್ದೆ. ಚಪ್ಪಲಿ ಎಲ್ಲಿ ಅನ್ನಲೂ ಅದೇ, ಜಿರಲೆ ಕಂಡರೂ ಅದೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಇಷ್ಟು ದುಬಾರಿ ಮಾತನ್ನು ಇವಳು ಇಷ್ಟು ಅಗ್ಗವಾಗಿ ಖರ್ಚು ಮಾಡುತ್ತಾಳಲ್ಲ ಅಂತ. ನಮ್ಮ ಮಾತಿನಲ್ಲಿ ಅದು ಒಂದೇ ಅಕ್ಷರ. ತುಟಿ ಮುಚ್ಚಿ ತೆರೆದರೆ ಮುಗಿಯಿತು. ಈ ಕಾಗದದಲ್ಲೂ ನಾನು ಅದನ್ನು ಬರೆದಿಲ್ಲ, ನೋಡು.

ಅಕ್ಕ, ನಾನು ಕರೆದುಬಿಟ್ಟೆ.

ಆಗಸ್ಟಿನಲ್ಲಿ, ನಮ್ಮ ಪಂಚಾಂಗದ ಏಳನೇ ತಿಂಗಳಿನಲ್ಲೇ. ಬೇರೆ ಯಾವ ತಿಂಗಳಾಗಿದ್ದರೂ ಇಷ್ಟು ಹೆದರುತ್ತಿರಲಿಲ್ಲವೇನೋ. ಸತ್ತವರೆಲ್ಲ ಊರೊಳಗೆ ಓಡಾಡಿಕೊಂಡಿರುವ ತಿಂಗಳು, ನಾವು ಬೀದಿಯಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವುದಕ್ಕೂ ಯೋಚಿಸುವ ತಿಂಗಳು. ಶನಿವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದೆ. ಮೈದಾನದಲ್ಲಿ ಪ್ರೇತಗಳಿಗೆ ಆಡುವ ನಾಟಕದ ಮೈಕು ಕಟ್ಟಿ ತಾಳ, ಜಾಗಟೆ ಪರೀಕ್ಷೆ ಮಾಡುತ್ತಿದ್ದರು. ಆಚಿಮ್ ಸೂಪಿನ ದೊಡ್ಡ ಪಾತ್ರೆ ಎತ್ತಿಕೊಂಡು ಓಣಿ ದಾಟುತ್ತಿದ್ದಳು. ಅವಳ ಬೆನ್ನ ಹಿಂದೆ ಐಸ್ ಲಾರಿ ಹಿಮ್ಮುಖವಾಗಿ ಬಂತು. ಡ್ರೈವರಿಗೆ ಅವಳು ಕಾಣುತ್ತಿರಲಿಲ್ಲ, ಅವಳಿಗೆ ಲಾರಿ ಕೇಳಿಸುತ್ತಿರಲಿಲ್ಲ.

ನಾನು "ಆಚಿಮ್!" ಅಂತ ಕಿರುಚಿದೆ. ಅವಳು ತಿರುಗಲಿಲ್ಲ. ಯಾಕೆ ತಿರುಗುತ್ತಾಳೆ? ಮಾರ್ಕೆಟ್ಟಿನಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಆಚಿಮ್, ಎರಡು ಬಟ್ಟಲು. ಆಚಿಮ್, ಖಾರ ಬೇಡ. ಆಚಿಮ್, ಚಿಲ್ಲರೆ ಕೊಡು. ಬೆಳಗಿನಿಂದ ನೂರು ಬಾಯಿ ಕೂಗುವ ಮಾತು ಅದು. ಬರ್ತೀನಿ ಇರಪ್ಪಾ ಅನ್ನುವ ಹಾಗೆ ತಲೆ ಆಡಿಸಿ ಮುಂದೆ ನಡೆದಳು. ಇನ್ನೊಂದು ಸಲ ಕೂಗಿದೆ. ಇಲ್ಲ. ಲಾರಿ ಅವಳಿಗೆ ಒಂದು ಮಾರು ದೂರದಲ್ಲಿತ್ತು.

ಆಗ ಆ ಅಕ್ಷರ ಬಂತು. ಹೇಳೋಣ ಅಂತ ಹೇಳಿದ್ದಲ್ಲ ಅಕ್ಕ, ತಾನೇ ಬಂತು. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳು ಗಕ್ಕನೆ ತಿರುಗಿದಳು. ಆ ಜಾಗಟೆ ಸದ್ದಿನಲ್ಲಿ, ಅಷ್ಟು ಹೆಂಗಸರು ಮಕ್ಕಳು ಇರುವ ಓಣಿಯಲ್ಲಿ, ಅದು ತನ್ನನ್ನೇ ಕರೆದದ್ದು ಅಂತ ಹೇಗೆ ತಿಳಿಯಿತೋ. ಪಾತ್ರೆ ಬಿಟ್ಟು ಚರಂಡಿಯ ಕಡೆ ಹಾರಿದಳು. ಲಾರಿ ಪಾತ್ರೆಯ ಮೇಲೆ ಹತ್ತಿತು. ಸೂಪು ರಸ್ತೆ ತುಂಬ ಹರಿಯಿತು. ಡ್ರೈವರು ಇಳಿದು ಅವಳ ಕಾಲಿಗೆ ಬೀಳುವುದೊಂದು ಬಾಕಿ. ನಾನು ಕಂಬ ಹಿಡಿದು ನಿಂತಿದ್ದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. "ಏನ್ ಹಂಗೆ ನಿಂತಿದ್ದೀಯ? ನೀರು ತಂದು ಹಾಕು, ಜನ ಜಾರಿ ಬೀಳ್ತಾರೆ" ಅಂದಳು, ಅಷ್ಟೆ. ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಹೊಸ ಪಾತ್ರೆ ತಂದೆವು.

ಹುಣ್ಣಿಮೆ ಹಬ್ಬದ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು. ನನ್ನ ಗಂಟಲಿನಿಂದ ಹೊರಟದ್ದು ಅವಳ ಗಂಟಲಿಗೆ ಹೋಗಿ ಕೂತಿತು. ನೀನು ನಗಬಹುದು, ಲೇ ಪೆಂಗ್ ನಗಬಹುದು, ವಿಜ್ಞಾನದ ಮೇಷ್ಟ್ರು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಚಿತ್ರ ಬರೆದು ಅಯೋಡಿನ್ ಅದು ಇದು ಅಂತ ಹೇಳಬಹುದು. ನಾನೂ ಆ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳೇ. ಆದರೆ ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಅನ್ನ ನುಂಗುವಾಗ, ನೀನೇ ಕರೆದೆ, ನೀನೇ ಕರೆದೆ ಅಂತ ಒಳಗೆ ಯಾರೋ ಅನ್ನುತ್ತಲೇ ಇರುತ್ತಾರೆ.

ಡಾಕ್ಟರ ಹತ್ತಿರ ಹೋಗಿಬಂದ ಮಾರನೇ ದಿನ ಅಜ್ಜಿ ನನ್ನನ್ನು ಗುಡಿಗೆ ಕರೆದುಕೊಂಡು ಹೋದರು. ಅರ್ಧಚಂದ್ರದ ಮರದ ತುಂಡುಗಳನ್ನು ದೇವಿಯ ಮುಂದೆ ಎಸೆದು, ಅವು ಬಿದ್ದ ರೀತಿಯಲ್ಲಿ ಉತ್ತರ ನೋಡುತ್ತಾ ಕೇಳಿದರು. ಊಟದಲ್ಲಿ ತಪ್ಪಾಯಿತಾ? ಇಲ್ಲ. ಹಿರಿಯರ ಸಮಾಧಿಯಲ್ಲಿ ತಪ್ಪಾಯಿತಾ? ಇಲ್ಲ. ಆಮೇಲೆ ತುಂಡುಗಳನ್ನು ಕೈಯಲ್ಲೇ ಹಿಡಿದುಕೊಂಡು, ಎಸೆಯದೆ, ನನ್ನ ಕಡೆ ತಿರುಗಿದರು. "ಸುವಾನ್, ನೀನೇನಾದ್ರೂ ಬಾಯ್ತಪ್ಪಿ ಅವಳನ್ನ ಹಂಗೆ ಕರೆದ್ಯಾ ಮಗಾ?" ಬೈಯುವ ದನಿಯಲ್ಲ. ಬೈದಿದ್ದರೆ ಹೇಳಿಬಿಡುತ್ತಿದ್ದೆ. ನನಗಿಂತ ಅವರೇ ಹೆಚ್ಚು ಹೆದರಿದ್ದರು.

"ಇಲ್ಲ ಅಜ್ಜಿ" ಅಂದೆ. ಊದುಬತ್ತಿ ಉರಿಯುತ್ತಿರುವಾಗ, ದೇವಿಯ ಎದುರಿಗೆ, ಅವಳ ದತ್ತುಮಗಳಾಗಿ.

ಅಜ್ಜಿ ಸಮಾಧಾನದಿಂದ ಉಸಿರು ಬಿಟ್ಟು ತುಂಡುಗಳನ್ನು ಬುಟ್ಟಿಗೆ ಹಾಕಿದರು. "ಹಂಗಾದ್ರೆ ಭಯ ಇಲ್ಲ" ಅಂತ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ನನಗೆ ಕಬ್ಬಿನ ಹಾಲು ಕೊಡಿಸಿದರು. ಅರ್ಧ ಕುಡಿದು ಲೋಟ ವಾಪಸು ಕೊಟ್ಟೆ.

ಅವತ್ತಿನಿಂದ ನಾನು ಅವಳನ್ನು ಎಷ್ಟು ಸಲ ಆಚಿಮ್ ಅನ್ನುತ್ತೇನೋ ಲೆಕ್ಕವಿಲ್ಲ. ಎದ್ದರೆ ಆಚಿಮ್, ಕೂತರೆ ಆಚಿಮ್. ಆ ಒಂದನ್ನು ಇದರಿಂದ ಒರೆಸಿಹಾಕಬಹುದು ಅಂತ. ಕೇಡು ಎಲ್ಲಾದರೂ ಕಿವಿ ಇಟ್ಟು ಕೇಳುತ್ತಿದ್ದರೆ, ಓ ಇವಳು ನಿಜವಾಗಿಯೂ ಬೇರೆಯವರ ಮಗಳು, ಅವತ್ತು ನಮಗೆ ತಪ್ಪಾಗಿ ಕೇಳಿಸಿತು ಅಂತ ಹೊರಟುಹೋಗಲಿ ಅಂತ. ಆಚೆಕ್‌ಗೆ ತಲೆ ಕೆಟ್ಟು, "ಅದೇನೇ ಗಿಣಿ ಥರ! ಅವಳು ಇಲ್ಲೇ ಇದ್ದಾಳಲ್ಲ" ಅಂದರು. ಆಚಿಮ್ ಮಾತ್ರ ಪ್ರತಿ ಸಲವೂ "ಇದ್ದೀನಿ" ಅಂತಾಳೆ. ಒಂದು ಸಲವೂ ಬೇಸರ ಮಾಡಿಕೊಂಡಿಲ್ಲ.

ಮೌತ್ ಆರ್ಗನ್ ತಂಡಕ್ಕೆ ಈ ಸಲ ಖೂ ಮೇಷ್ಟ್ರು ಆರಿಸಿರುವುದು ತಾಯಿಯ ಮೇಲಿನ ಹಾಡು. ವಾರ್ಷಿಕೋತ್ಸವಕ್ಕೆ ಹೆತ್ತವರು ಬರುತ್ತಾರೆ, ಅತ್ತುಬಿಡಬೇಕು ಅಂತ ಅವರ ಆಸೆ. ಮಾತು ಹಾಡಬೇಕಾಗಿಲ್ಲ, ಊದಿದರೆ ಸಾಕು. ಆದರೆ ಪಲ್ಲವಿಯ ಮೊದಲ ಸ್ವರವೇ ಆ ಅಕ್ಷರ. ಎಲ್ಲರಿಗೂ ಗೊತ್ತಿರುವ ಹಾಡು, ಊದಿದರೂ ಮಾತು ಕೇಳಿಸುತ್ತದೆ. ನಾನು ತುಟಿಗೆ ಇಟ್ಟುಕೊಂಡು ಸುಮ್ಮನೆ ಅತ್ತಿತ್ತ ಜಾರಿಸುತ್ತಿದ್ದೆ. ಮೇಷ್ಟ್ರು ನನ್ನ ಹಿಂದೆ ಬಂದು ಕಿವಿಗೊಟ್ಟು, "ಗಾಳಿ ಇಲ್ಲದ ಟೈರು, ಹಿಂದೆ ಹೋಗು" ಅಂದರು. ಎಲ್ಲರೂ ನಕ್ಕರು. ನಾನು ಹಿಂದಿನ ಸಾಲಿಗೆ ಬಂದು ನೆಮ್ಮದಿಯಾಗಿ ಊದದೇ ನಿಂತೆ.

ಚೀನೀ ಪಾಠದ ಮೇಷ್ಟ್ರು, ನಮ್ಮ ಹಿರಿಯರು ಸಮುದ್ರ ದಾಟಿ ಬರುವಾಗ ಏನೇನು ತಂದರು ಅಂತ ಬರೆಯಿರಿ ಅಂದಿದ್ದರು. ಎಲ್ಲರೂ ಟೀ, ಕುಂಚ, ಹಬ್ಬ, ದುಡಿಮೆ ಅಂತ ಬರೆದರು. ನಾನೂ ಅದನ್ನೇ ಬರೆದೆ. ಬರೆಯದೇ ಬಿಟ್ಟದ್ದು ಇದು: ನಮ್ಮ ಮುತ್ತಜ್ಜ ಅದೇ ದೋಣಿಯಲ್ಲಿ ಒಂದು ಭಯವನ್ನೂ ತಂದ, ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಬಂದು ನನ್ನ ಕುತ್ತಿಗೆಯ ದಾರವಾಗಿದೆ. ಅದನ್ನು ನಂಬುತ್ತೀಯಾ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಬಿಚ್ಚು ಅಂದರೆ ಬಿಚ್ಚುವುದಿಲ್ಲ.

ಅದಕ್ಕೇ ನೀನು ಬರಬೇಕು. ಕೆಲಸ ಹೋದರೆ ಹೋಗಲಿ ಅನ್ನಲಾರೆ, ರಜೆ ಬೇಡು, ಸುಳ್ಳು ಹೇಳು, ಏನಾದರೂ ಮಾಡಿ ಶನಿವಾರದ ಬಸ್ಸು ಹತ್ತು. ನಿನ್ನದು ಎತ್ತಿನ ವರ್ಷ, ನಿನ್ನ ಬಾಯಿಂದ ಯಾರಿಗೂ ಕೇಡಿಲ್ಲ. ನೀನು ಅವಳ ಪಕ್ಕದಲ್ಲಿ ಕೂತು ಬಾಯಿ ತುಂಬ ಕರೆಯುತ್ತಾ ಇರು. ನಾನು ದೂರದಲ್ಲಿ ನಿಂತು ಆಚಿಮ್ ಅನ್ನುತ್ತೇನೆ. ಅವಳಿಗೆ ಮಗಳು ಒಬ್ಬಳೇ, ಅದು ನೀನು, ಅಂತ ಎಲ್ಲರಿಗೂ ಗೊತ್ತಾಗಲಿ. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ನಾನು ಆಚೆಕ್ ಅವರ ಅಣ್ಣನ ಮಗಳು ಅನ್ನಲೂ ತಯಾರಿದ್ದೇನೆ. ಅವಳು ಉಳಿಯಬೇಕು ಅಷ್ಟೆ.

ಈ ಕಾಗದ ಓದಿ ಹರಿದು ಹಾಕು. ಅಜ್ಜಿಗೆ ಹೇಳಬೇಡ, ಅವರು ತಡೆದುಕೊಳ್ಳುವುದಿಲ್ಲ. ಆಚಿಮ್‌ಗಂತೂ ಹೇಳಲೇಬೇಡ.

ಹೆದರಿ ಹಿಟ್ಟಾಗಿರುವ
ನಿನ್ನ ತಂಗಿ,
ಬೀ ಸುವಾನ್

ತಾ.ಕ.: ಅಕ್ಕ, ಲಕೋಟೆ ಇನ್ನೂ ಅಂಟಿಸಿಲ್ಲ. ಅಂಚೆ ಚೀಟಿ ಕೇಳಲು ಹಿತ್ತಲಿಗೆ ಹೋಗಿದ್ದೆ. ಆಚಿಮ್ ಮೆಟ್ಟಿಲ ಮೇಲೆ ಕೂತು ನಾಳೆಯ ಸೂಪಿಗೆ ಮೊಳಕೆಕಾಳಿನ ಬಾಲ ಕೀಳುತ್ತಿದ್ದಳು. ನಾನೂ ಕೂತು ನಾಲ್ಕು ಕಿತ್ತೆ. ಐದನೆಯದಕ್ಕೆ ಅಳು ಬಂದು ಎಲ್ಲ ಹೇಳಿಬಿಟ್ಟೆ. ಲಾರಿ, ಗುಡಿ, ಅಜ್ಜಿಗೆ ಹೇಳಿದ ಸುಳ್ಳು, ಎಲ್ಲ.

ಅವಳು ಬಾಲ ಕೀಳುವುದನ್ನು ನಿಲ್ಲಿಸಲಿಲ್ಲ. ನನ್ನ ಮುಖ ನೋಡದೆ, "ಅದೇ ಮೊದಲನೇ ಸಲ ಅಂದ್ಕೊಂಡಿದ್ದೀಯಾ?" ಅಂದಳು.

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ನಾನು ಹಲ್ಲು ಮೂಡದ ಕೂಸಾಗಿದ್ದಾಗ, ನೀನು ಶಾಲೆಗೆ, ಅಜ್ಜಿ ಮಾರ್ಕೆಟ್ಟಿಗೆ ಹೋದ ಮೇಲೆ, ಇದೇ ಮೆಟ್ಟಿಲ ಮೇಲೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಅಕ್ಷರವನ್ನು ಅವಳೇ ಕಲಿಸಿದಳಂತೆ. ನನ್ನ ಬಾಯಿಂದ ಮೊದಲು ಬಂದ ಮಾತೇ ಅದಂತೆ. ದಿನವೂ ಬಟ್ಟೆ ಒಗೆಯುತ್ತಾ ನನ್ನ ಕೈಲಿ ಹೇಳಿಸಿಕೊಂಡು, ಅಜ್ಜಿಯ ಚಪ್ಪಲಿ ಸದ್ದು ಕೇಳಿದರೆ ನನ್ನ ಬಾಯಿಗೆ ಬಿಸ್ಕತ್ತು ತುರುಕುತ್ತಿದ್ದಳಂತೆ. ನನಗೆ ಮಾತು ಚೆನ್ನಾಗಿ ಬಂದು, ಇನ್ನು ಎಲ್ಲರ ಮುಂದೆ ಅಂದುಬಿಡುತ್ತಾಳೆ ಅನ್ನುವ ಹೊತ್ತಿಗೆ ಆಚಿಮ್ ಅನ್ನಲು ಕಲಿಸಿದಳಂತೆ. "ಒಬ್ಬಳ ಬಾಯಿಂದ ಕೇಳಿಸ್ಕೊಂಡು ಇನ್ನೊಬ್ಬಳ ಬಾಯಿಗೆ ಬೀಗ ಹಾಕು ಅಂದ್ರೆ, ಎದೆಹಾಲು ಆ ಮಾತು ಕೇಳತ್ತಾ?" ಅಂದಳು. "ಸಾವಿರ ಸಲ ಕರೆದಿದ್ದೀಯ ನೀನು. ಏನಾಯ್ತು ನನಗೆ? ದಪ್ಪ ಆದೆ, ಅಷ್ಟೇ. ಹುಲಿ ಕಣೇ ನಾನು, ಕೋತಿಗೆ ಹೆದರ್ತೀನಾ?"

ನಾನು ಅತ್ತು, ನಕ್ಕು, ಮೊಳಕೆಕಾಳಿನ ಬುಟ್ಟಿ ಉರುಳಿಸಿದೆ.

ಆಮೇಲೆ ಅವಳು ಕೇಳಿದ್ದು ಇದು. "ಸೋಮವಾರ ನನ್ನನ್ನ ಒಳಗೆ ತಳ್ಕೊಂಡು ಹೋಗ್ತಾರಲ್ಲ, ಆಗ ಬಾಗಿಲ ಹತ್ರ ಒಂದ್ಸಲ ಕರೀಬೇಕು. ಗಟ್ಟಿಯಾಗಿ. ಅಜ್ಜಿ ಇದ್ರೂ ಸರಿ. ಹೊರಗೆ ಬಂದ್ಮೇಲೆ ನನ್ನ ದನಿ ಇರತ್ತೋ ಇಲ್ವೋ, ನಿಂದು ಕೇಳಿಸ್ಕೊಂಡು ಹೋಗ್ತೀನಿ." ಹೂಂ ಅಂದಿದ್ದೇನೆ. ಆದರೆ ಕೋಣೆಗೆ ಬಂದು ಕೂತ ಮೇಲೆ ಮತ್ತೆ ಅನುಮಾನ ಹತ್ತಿದೆ. ನಾನು ಹೆದರಿದ್ದೇನೆ ಅಂತ ಅವಳೇ ಈ ಕಥೆ ಕಟ್ಟಿ ಹೇಳಿದಳೋ ಏನೋ. ಮಕ್ಕಳು ಹೆದರಿದರೆ ಅವಳು ಏನು ಬೇಕಾದರೂ ಹೇಳುತ್ತಾಳೆ, ನಿನಗೇ ಗೊತ್ತಲ್ಲ.

ನಂಬದಿದ್ದರೆ ಅಕ್ಕನನ್ನೇ ಕೇಳು ಅಂದಳು. ಒಂದು ದಿನ ನೀನು ಜ್ವರ ಅಂತ ಶಾಲೆಯಿಂದ ಬೇಗ ಬಂದೆಯಂತೆ, ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆಯಂತೆ, ಅಜ್ಜಿಗೆ ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟೆಯಂತೆ. ಆಗ ನಿನಗೆ ಎಂಟು ವರ್ಷ, ನೆನಪಿರಬೇಕು. ಅಕ್ಕ, ಬರಲು ಆಗದಿದ್ದರೂ ಸೋಮವಾರದೊಳಗೆ ಫೋನ್ ಮಾಡು. ಅಜ್ಜಿ ಎತ್ತಿದರೆ ನನ್ನನ್ನು ಕರೆಸು, ಹೌದು ಅಂತ ಒಂದೇ ಮಾತು ಹೇಳಿ ಇಟ್ಟುಬಿಡು. ನೆನಪಿಲ್ಲದಿದ್ದರೂ ಹೌದು ಅನ್ನು.